ಅಗ್ಗದ ಟ್ಯಾಬ್ಲೆಟ್ ಮತ್ತು ನ್ಯಾಯವಾದ ಬೆಲೆ: ಕಾಯಕ–ದಾಸೋಹ ತತ್ತ್ವದ ನೆಲೆಯಿಂದ ಒಂದು ವಿಚಾರ

ಕಡಿಮೆ ಆದಾಯದ ಜನರಿಗಾಗಿ ತಯಾರಾಗುವ ವಸ್ತುವಿನಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಎಂಜಿನಿಯರಿಂಗ್ ಮತ್ತು ವ್ಯಾಪಾರದ ಲೆಕ್ಕಾಚಾರಕ್ಕೆ ಸೇರಿದ್ದೆಂದು ಕಂಡರೂ ಅದರ ಬೇರು ನೀತಿವಿಚಾರದಲ್ಲಿದೆ. ಬೆಲೆಯನ್ನು ಇಳಿಸುವ ಪ್ರತಿಯೊಂದು ತೀರ್ಮಾನವೂ ಯಾರದೋ ಪಾಲಿನಿಂದ ಏನನ್ನೋ ಕಳೆಯುತ್ತದೆ. ಕಳೆದದ್ದು ತಯಾರಕನ ಲಾಭವಾಗಿರಬಹುದು, ವಸ್ತುವಿನ ಅಲಂಕಾರವಾಗಿರಬಹುದು, ಇಲ್ಲವೇ ಅದನ್ನು ಬಳಸುವವನ ಸಮಯ, ಕಣ್ಣು, ತಾಳ್ಮೆ ಮತ್ತು ಕಲಿಕೆಯಾಗಿರಬಹುದು. ಈ ಮೂರು ಬಗೆಯ ಕಡಿತಗಳೂ ಅಂಗಡಿಯ ಬೆಲೆಪಟ್ಟಿಯಲ್ಲಿ ಒಂದೇ ಅಂಕಿಯಾಗಿ ಕಾಣುತ್ತವೆಯಾದರೂ ಧರ್ಮದ ದೃಷ್ಟಿಯಿಂದ ಅವು ಒಂದೇ ಅಲ್ಲ. ಅವುಗಳ ನಡುವಿನ ವ್ಯತ್ಯಾಸವನ್ನು ಗುರುತಿಸುವ ಅಳತೆಗೋಲು ಕನ್ನಡನಾಡಿನ ಶರಣ ಪರಂಪರೆಯ ಕಾಯಕ ಮತ್ತು ದಾಸೋಹ ಎಂಬ ಎರಡು ತತ್ತ್ವಗಳಲ್ಲಿ ಸಿಗುತ್ತದೆ ಎಂಬುದು ಈ ಪ್ರಬಂಧದ ವಾದ. ಅದನ್ನು ಪರಿಶೀಲಿಸಲು ಆಯ್ದುಕೊಂಡಿರುವ ವಸ್ತು ಕಡಿಮೆ ಬೆಲೆಯ ಟ್ಯಾಬ್ಲೆಟ್ ಕಂಪ್ಯೂಟರ್.

ಟ್ಯಾಬ್ಲೆಟ್ ಎಂದರೆ ಪ್ರತ್ಯೇಕ ಕೀಲಿಮಣೆಯಿಲ್ಲದೆ, ಪರದೆಯನ್ನು ಮುಟ್ಟುವುದರಿಂದಲೇ ನಡೆಯುವ, ಪುಸ್ತಕದ ಗಾತ್ರದ ಕಂಪ್ಯೂಟರ್. 2020ರಲ್ಲಿ ಕೋವಿಡ್ ಸೋಂಕಿನಿಂದಾಗಿ ಶಾಲಾ ಕಾಲೇಜುಗಳು ಮುಚ್ಚಿ ಪಾಠಗಳು ಅಂತರ್ಜಾಲಕ್ಕೆ ಸರಿದ ಮೇಲೆ ಅದು ಬೇಕಾದರೆ ಕೊಳ್ಳಬಹುದಾದ ವಸ್ತುವಾಗಿ ಉಳಿಯದೆ, ಇಲ್ಲದಿದ್ದರೆ ಪಾಠವೇ ತಪ್ಪುವ ವಸ್ತುವಾಯಿತು. 2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸುಮಾರು ಒಂದೂವರೆ ಲಕ್ಷ ಟ್ಯಾಬ್ಲೆಟ್‌ಗಳನ್ನು ವಿತರಿಸುವ ಯೋಜನೆಗೆ ಚಾಲನೆ ಕೊಟ್ಟದ್ದು ಇದೇ ಕಾರಣಕ್ಕೆ. ತುಮಕೂರು ನಗರದ ಸದಾಶಿವನಗರದಲ್ಲಿ ಸಂಬಳದ ಮೇಲೆ ಜೀವನ ನಡೆಸುವ ಕುಟುಂಬವೇ ಆಗಲಿ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ರಾಗಿ ಮತ್ತು ತೆಂಗನ್ನು ನಂಬಿರುವ ಕುಟುಂಬವೇ ಆಗಲಿ, ಮಕ್ಕಳ ಓದಿಗಾಗಿ ಇಂಥ ಸಾಧನವನ್ನು ಕೊಳ್ಳಲು ಹೊರಟಾಗ ಹಣ ಹೊಂದಿಸುವ ಕಷ್ಟವನ್ನು ಬಲ್ಲದು. ಆದರೆ ಆ ಬೆಲೆಗೆ ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ತಿಳಿಯುವ ದಾರಿ ಇಬ್ಬರಿಗೂ ಇಲ್ಲ. ಕೊಳ್ಳುವವರಿಗೆ ಕಾಣದ ಈ ಜಾಗದಲ್ಲಿಯೇ ತಯಾರಕನ ಧರ್ಮದ ಪ್ರಶ್ನೆ ಹುಟ್ಟುತ್ತದೆ.

ಕಡಿತ ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಟ್ಯಾಬ್ಲೆಟ್‌ನ ತಯಾರಿಕಾ ವೆಚ್ಚದಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಪರದೆ ಮತ್ತು ಅದರ ಮೇಲಿನ ಸ್ಪರ್ಶಫಲಕದ್ದು. ಲೆಕ್ಕ ಮಾಡುವ ಪ್ರೊಸೆಸರ್, ತಾತ್ಕಾಲಿಕ ನೆನಪಾದ ರ‍್ಯಾಮ್, ಕಡತಗಳನ್ನು ಕಾಪಿಡುವ ಸಂಗ್ರಹ, ಬ್ಯಾಟರಿ, ಹೊರಕವಚ ಇವು ಉಳಿದ ಮುಖ್ಯ ಬಾಬತ್ತುಗಳು. ಸ್ಪರ್ಶಫಲಕದಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ತೆಳುವಾದ ಎರಡು ವಾಹಕ ಪದರಗಳ ನಡುವೆ ಕೂದಲೆಳೆಯಷ್ಟು ಜಾಗವಿದ್ದು, ಬೆರಳಿನಿಂದಲೋ ಕಡ್ಡಿಯಿಂದಲೋ ಒತ್ತಿದಾಗ ಮೇಲಿನ ಪದರ ಬಾಗಿ ಕೆಳಗಿನದನ್ನು ಮುಟ್ಟಿದರೆ ಮಾತ್ರ ಯಂತ್ರಕ್ಕೆ ಸೂಚನೆ ಹೋಗುತ್ತದೆ. ಇದನ್ನು ರೆಸಿಸ್ಟಿವ್ ಫಲಕ ಎನ್ನುತ್ತಾರೆ. ಇನ್ನೊಂದರಲ್ಲಿ ಬೆರಳು ಹತ್ತಿರ ಬಂದಾಗ ಗಾಜಿನ ಮೇಲಿನ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆಯನ್ನು ಯಂತ್ರ ಗ್ರಹಿಸುವುದರಿಂದ ಒತ್ತುವ ಅಗತ್ಯವಿಲ್ಲ. ಇದು ಕೆಪಾಸಿಟಿವ್ ಫಲಕ. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ. ಪುಟ ತಿರುವಲು ಮಗು ಒಂದೇ ಜಾಗದಲ್ಲಿ ಮೂರು ಬಾರಿ ಒತ್ತಬೇಕಾಗಿ ಬಂದರೆ ಉಳಿಸಿದ ಹಣದ ಬಾಕಿಯನ್ನು ಆ ಮಗುವಿನ ಬೆರಳು ದಿನವೂ ತೀರಿಸುತ್ತಿರುತ್ತದೆ. ರ‍್ಯಾಮ್ ಅರ್ಧಕ್ಕೆ ಇಳಿದರೆ ಪಾಠದ ಚಿತ್ರ ತೆರೆಯುವುದು ತಡವಾಗುತ್ತದೆ, ಬ್ಯಾಟರಿ ಚಿಕ್ಕದಾದರೆ ವಿದ್ಯುತ್ ಹೋದ ಸಂಜೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಅಂಗಡಿಯಲ್ಲಿ ಕೊಟ್ಟು ಮುಗಿಯುವ ಬೆಲೆಯೊಂದು, ಬಳಕೆಯ ಉದ್ದಕ್ಕೂ ಕಂತಿನಲ್ಲಿ ಕಟ್ಟುವ ಬೆಲೆ ಇನ್ನೊಂದು. ಮೊದಲನೆಯದನ್ನು ಇಳಿಸಲು ಎರಡನೆಯದನ್ನು ಏರಿಸುವುದು ಯಾವಾಗ ಅನ್ಯಾಯವಾಗುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಹನ್ನೆರಡನೆಯ ಶತಮಾನದ ಶರಣರು ಕಾಯಕ ಎಂಬ ಮಾತನ್ನು ಜೀವನೋಪಾಯಕ್ಕೆ ಮಾಡುವ ದುಡಿಮೆಯೇ ಪೂಜೆಯೂ ಆಗುವ ಸ್ಥಿತಿಗೆ ಬಳಸಿದರು. ಯಾವುದೇ ದುಡಿಮೆ ತಾನಾಗಿಯೇ ಕಾಯಕವಾಗುವುದಿಲ್ಲ. ಅದು ಸತ್ಯಶುದ್ಧವಾಗಿರಬೇಕು, ಎಂದರೆ ಅದರಲ್ಲಿ ವಂಚನೆ ಇರಬಾರದು ಮತ್ತು ಅದರಿಂದ ಬರುವ ಪ್ರತಿಫಲ ದುಡಿಮೆಗೆ ತಕ್ಕಷ್ಟೇ ಇರಬೇಕು. ಶರಣರ ಸಂವಾದಗಳನ್ನು ಪೋಣಿಸಿ ಕಟ್ಟಿದ ಶೂನ್ಯಸಂಪಾದನೆ ಎಂಬ ಮಹಾಗ್ರಂಥದಲ್ಲಿ ಈ ವಿಚಾರಕ್ಕೆ ಪ್ರತ್ಯೇಕ ಪ್ರಕರಣಗಳೇ ಇವೆ. ಆ ಗ್ರಂಥದ ನಾಲ್ವರು ಸಂಪಾದನಕಾರರಲ್ಲಿ ಕೊನೆಯವರಾದ ಗೂಳೂರ ಸಿದ್ಧವೀರಣ್ಣೊಡೆಯರ ಹೆಸರು ತುಮಕೂರಿಗೆ ಹೊಂದಿಕೊಂಡ ಗೂಳೂರಿನೊಂದಿಗೆ ಕೂಡಿಕೊಂಡಿದೆ. ಅವರ ಪರಂಪರೆಯ ಮೂಲಪುರುಷರಾದ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆ ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿದೆ. ಹೀಗಾಗಿ ದುಡಿಮೆ ಮತ್ತು ಬೆಲೆಯ ನೀತಿಯನ್ನು ಕುರಿತ ಈ ಚಿಂತನೆ ತುಮಕೂರು ಸೀಮೆಗೆ ಹೊರಗಿನಿಂದ ತಂದು ಹಚ್ಚಬೇಕಾದದ್ದಲ್ಲ, ಅಲ್ಲಿಯೇ ಬಾಳಿ ಬಂದದ್ದು.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಶರಣ. ಒಮ್ಮೆ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ, ನಿತ್ಯದ ಅಗತ್ಯಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ತಿಳಿಹೇಳಿ, ಅದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಸೂಚಿಸುತ್ತಾಳೆ. ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯನ ಕುರಿತು ಹೇಳಿಕೊಂಡು ಬಂದಿರುವ ಕಥೆ ಇನ್ನೂ ಮುಂದೆ ಹೋಗುತ್ತದೆ: ಸ್ವತಃ ಲಿಂಗವೇ ಆತನ ಹಗ್ಗವನ್ನು ಮಾರಲು ಹೋಗಿ ವಾಡಿಕೆಯ ಬೆಲೆಗಿಂತ ಬಹಳ ಹೆಚ್ಚು ಹಣ ತಂದಾಗ ಚಂದಯ್ಯ ಅದನ್ನು ಮುಟ್ಟದೆ, ಹಗ್ಗಕ್ಕೆ ಸಲ್ಲುವಷ್ಟನ್ನೇ ತರಬೇಕೆಂದು ಹಟ ಹಿಡಿಯುತ್ತಾನೆ. ದೇವರೇ ತಂದರೂ ಹೆಚ್ಚಿನ ಬೆಲೆ ಸಲ್ಲದು ಎಂಬಲ್ಲಿ ಬೆಲೆಯ ನಿರ್ಣಯವು ಕೊಳ್ಳುವವನ ಶಕ್ತಿಯನ್ನಾಗಲಿ ಮಾರುವವನ ಜಾಣ್ಮೆಯನ್ನಾಗಲಿ ಅವಲಂಬಿಸದೆ ವಸ್ತುವಿನಲ್ಲಿ ಅಡಗಿರುವ ದುಡಿಮೆಯನ್ನು ಅವಲಂಬಿಸಬೇಕೆಂಬ ನಿಲುವಿದೆ. ಈ ಎರಡು ಪ್ರಸಂಗಗಳಿಂದ ಮೊದಲ ಸೂತ್ರ ದೊರೆಯುತ್ತದೆ: ಬೆಲೆ ಇಳಿಸುವ ಕೆಲಸ ತಯಾರಕನ ಸಂಯಮದಿಂದ ಶುರುವಾಗಬೇಕೇ ಹೊರತು ಕೊಳ್ಳುವವನ ಪಾಲಿನಿಂದಲ್ಲ.

ಬೆಲೆಗೆ ನೀತಿಯ ಎಲ್ಲೆಯಿದೆ ಎಂಬುದನ್ನು ಬೇರೆ ಪರಂಪರೆಗಳೂ ಒಪ್ಪಿವೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಎಂದು ವರ್ತಕನ ಲಾಭಕ್ಕೆ ಮಿತಿ ಹಾಕುತ್ತದೆ. ಯುರೋಪಿನಲ್ಲಿ ಹದಿಮೂರನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ನ್ಯಾಯವಾದ ಬೆಲೆಯ ವಿಚಾರವನ್ನು ಚರ್ಚಿಸುತ್ತ, ವಸ್ತುವಿನಲ್ಲಿ ಕಣ್ಣಿಗೆ ಕಾಣದ ದೋಷವಿದ್ದರೆ ಮಾರುವವನು ಅದನ್ನು ತಾನಾಗಿ ತಿಳಿಸಬೇಕೆಂದೂ, ಮುಚ್ಚಿಟ್ಟು ಮಾರುವುದು ಪಾಪವೆಂದೂ ವಾದಿಸಿದ. ಕೌಟಿಲ್ಯನ ಮಾತು ರಾಜದಂಡದಿಂದ ಜಾರಿಯಾಗುವಂಥದು, ಅಕ್ವಿನಾಸನ ಮಾತು ಕೊಡು–ಕೊಳ್ಳುವ ಇಬ್ಬರ ನಡುವಿನ ಸತ್ಯಕ್ಕೆ ಸಂಬಂಧಿಸಿದ್ದು; ಶರಣರ ಕಾಯಕವು ಇವೆರಡನ್ನೂ ಮಾಡುವವನ ಅಂತರಂಗಕ್ಕೆ ತಂದು, ವಸ್ತುವನ್ನು ಸಿದ್ಧಪಡಿಸುವ ಹೊತ್ತಿನಲ್ಲಿಯೇ ನ್ಯಾಯ ನಡೆಯಬೇಕೆಂದು ಕೇಳುತ್ತದೆ. ಟ್ಯಾಬ್ಲೆಟ್‌ನಂಥ ವಸ್ತುವಿಗೆ ಈ ಮೂರನೆಯ ನೆಲೆಯೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅದರ ದೋಷಗಳು ವಿನ್ಯಾಸದ ಮೇಜಿನ ಮೇಲೆಯೇ ತೀರ್ಮಾನವಾಗಿ, ಕಾನೂನಿನ ಕಣ್ಣಿಗೆ ದೋಷವೆಂದು ಕಾಣುವ ಮೊದಲೇ ಮಾರಾಟವಾಗಿರುತ್ತವೆ.

ಈ ಅಳತೆಗೋಲಿಗೆ ಒಡ್ಡಬಹುದಾದ ಮೊದಲ ಉದಾಹರಣೆ ಕರ್ನಾಟಕದ್ದೇ ಆದ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನಿಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿ, 2001ರಲ್ಲಿ ಅದರ ಮೊದಲ ಮಾದರಿಯನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರಕ್ಕೆ 206 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, ಕಡ್ಡಿಯಿಂದ ಒತ್ತುವ ಏಕವರ್ಣದ ಪರದೆ, ಯಾರು ಬೇಕಾದರೂ ಬದಲಿಸಿ ಬಳಸಬಹುದಾದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದ್ದವು. ಹಳ್ಳಿಯ ಅಂಗಡಿಯಲ್ಲಿಯೂ ಸಿಗುವ ಸಾಧಾರಣ ಸೆಲ್‌ಗಳಿಂದ ಅದು ನಡೆಯಬೇಕೆಂಬುದು ಮೂಲ ಯೋಜನೆಯಾಗಿತ್ತು. ಸುಮಾರು 9,000 ರೂಪಾಯಿಯ ಗುರಿಯನ್ನು ಇಟ್ಟುಕೊಂಡ ವಿನ್ಯಾಸಕಾರರು ಬಣ್ಣವನ್ನು, ದೊಡ್ಡ ಪರದೆಯನ್ನು, ವೇಗವನ್ನು ಬಿಟ್ಟರು. ಆದರೆ ಅಕ್ಷರ ಬಾರದವರಿಗೂ ಯಂತ್ರ ಉಪಯೋಗಕ್ಕೆ ಬರಬೇಕೆಂಬ ಕಾರಣಕ್ಕೆ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಧ್ವನಿ ವ್ಯವಸ್ಥೆಯನ್ನು ಬಿಡಲಿಲ್ಲ.

ಅವರು ಬಿಡದೆ ಉಳಿಸಿಕೊಂಡ ಇನ್ನೊಂದು ಅಂಶಕ್ಕೆ ತತ್ತ್ವದ ದೃಷ್ಟಿಯಿಂದ ಹೆಚ್ಚಿನ ಮಹತ್ವವಿದೆ. ಸಿಂಪ್ಯೂಟರ್‌ನಲ್ಲಿ ಸ್ಮಾರ್ಟ್ ಕಾರ್ಡ್ ಓದುವ ಒಂದು ಕಿಂಡಿ ಇತ್ತು. ಸ್ಮಾರ್ಟ್ ಕಾರ್ಡ್ ಎಂದರೆ ವ್ಯಕ್ತಿಯ ಮಾಹಿತಿಯನ್ನು ಪುಟ್ಟ ಚಿಪ್‌ನಲ್ಲಿ ಕಾಪಿಡುವ ಬಿಲ್ಲೆ. ಯಂತ್ರ ಪಂಚಾಯತಿಯದೋ ಶಾಲೆಯದೋ ಸ್ವಸಹಾಯ ಗುಂಪಿನದೋ ಆಗಿದ್ದು, ಪ್ರತಿಯೊಬ್ಬರೂ ತಮ್ಮ ಕಾರ್ಡನ್ನು ಮಾತ್ರ ಕೊಂಡು, ಅದನ್ನು ತೂರಿಸಿದಾಗ ಯಂತ್ರ ಅಷ್ಟು ಹೊತ್ತು ಅವರದಾಗುವಂತೆ ಮಾಡುವುದು ಇದರ ಉದ್ದೇಶ. ಬೆಲೆ ಇಳಿಸಲು ವಸ್ತುವಿನ ಗುಣವನ್ನು ಕಡಿಯುವ ಬದಲು ಅದರ ಒಡೆತನವನ್ನು ಹಂಚುವ ಈ ಕ್ರಮದಲ್ಲಿ ಒಬ್ಬ ಬಡವನಿಗೆ ಎಟುಕದ ಬೆಲೆ ನೂರು ಜನರ ನಡುವೆ ಹಗುರವಾಗುತ್ತದೆ, ಆದರೂ ಆ ನೂರರಲ್ಲಿ ಯಾರೊಬ್ಬರಿಗೂ ಕೀಳು ಯಂತ್ರ ಸಿಗುವುದಿಲ್ಲ. ವಿನ್ಯಾಸವನ್ನು ಬಳಸುವ ತಯಾರಕರಿಂದ ಪಡೆಯುವ ಪರವಾನಗಿ ಶುಲ್ಕದಲ್ಲಿಯೂ ಟ್ರಸ್ಟ್ ಇದೇ ನೀತಿಯನ್ನು ಅನುಸರಿಸಿ, ಬಡ ದೇಶಗಳವರಿಗೆ ಕಡಿಮೆ ಶುಲ್ಕವನ್ನೂ ಶ್ರೀಮಂತ ದೇಶಗಳವರಿಗೆ ಹೆಚ್ಚು ಶುಲ್ಕವನ್ನೂ ಗೊತ್ತುಪಡಿಸಿತ್ತು. ಶರಣರ ಮಾತಿನಲ್ಲಿ ಇದು ದಾಸೋಹಕ್ಕೆ ಬಹಳ ಹತ್ತಿರದ್ದು. ದಾಸೋಹವೆಂದರೆ ಕಾಯಕದಿಂದ ಬಂದದ್ದನ್ನು ಕೊಟ್ಟೆನೆಂಬ ಹಮ್ಮಿಲ್ಲದೆ ಸಮುದಾಯದೊಂದಿಗೆ ಹಂಚಿಕೊಳ್ಳುವುದು.

ಆದರೂ ಸಿಂಪ್ಯೂಟರ್ ಗೆಲ್ಲಲಿಲ್ಲ ಎಂಬುದನ್ನು ಮರೆಮಾಚಬಾರದು. 2004ರ ಮಾರ್ಚ್‌ನಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಪಿಕೋಪೀಟಾ ಸಂಸ್ಥೆಯಿಂದ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ ಸುಮಾರು 10,000 ರೂಪಾಯಿಯಷ್ಟಿತ್ತು, ಬಣ್ಣದ ಪರದೆಯ ಮಾದರಿಗೆ ಅದರ ಎರಡರಷ್ಟು ಕೊಡಬೇಕಾಗಿತ್ತು. ಎಲೆಕ್ಟ್ರಾನಿಕ್ ವಸ್ತುಗಳ ಬೆಲೆ ತಗ್ಗಬೇಕಾದರೆ ಅವು ಲಕ್ಷಗಳ ಸಂಖ್ಯೆಯಲ್ಲಿ ತಯಾರಾಗಬೇಕು. ಲಕ್ಷಗಳ ಸಂಖ್ಯೆಯಲ್ಲಿ ಮಾರಾಟವಾಗಬೇಕಾದರೆ ಬೆಲೆ ಮೊದಲೇ ತಗ್ಗಿರಬೇಕು. ಈ ಸುಳಿಯಿಂದ ಹೊರಬರಲು ಬೇಕಾಗಿದ್ದ ದೊಡ್ಡ ಸರ್ಕಾರಿ ಬೇಡಿಕೆ ಬರಲಿಲ್ಲ, ಮಾರಾಟ ಕೆಲವು ಸಾವಿರಗಳಲ್ಲೇ ನಿಂತಿತು, ಅಷ್ಟರಲ್ಲಿ ಮೊಬೈಲ್ ಫೋನ್ ಹಳ್ಳಿಗಳನ್ನು ತಲುಪತೊಡಗಿತು. ಸದುದ್ದೇಶದಿಂದ ರೂಪಿಸಿದ ವಸ್ತು ಯಾರ ಕೈಗೆ ಸೇರಬೇಕೋ ಅವರನ್ನು ತಲುಪದೆ ಹೋದರೆ ಆ ಉದ್ದೇಶ ಅರ್ಧಕ್ಕೇ ನಿಂತಂತಾಗುತ್ತದೆ. ಶರಣ ಪರಂಪರೆಯಲ್ಲಿ ಕಾಯಕವು ದಾಸೋಹದಲ್ಲಿ ಕೊನೆಗೊಳ್ಳಬೇಕೆಂಬ ನಿಯಮವಿರುವುದರಿಂದ, ತಲುಪುವಿಕೆಯೂ ಧರ್ಮದ ಒಂದು ಅಂಗವೇ.

ಎರಡನೆಯ ಉದಾಹರಣೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟದ್ದು. 2011ರ ಅಕ್ಟೋಬರ್ 5ರಂದು ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್‌ನಲ್ಲಿ ಬೆಲೆಯೇ ಮೊದಲು ನಿಶ್ಚಯವಾಗಿ ವಸ್ತು ಅದಕ್ಕೆ ತಕ್ಕಂತೆ ರೂಪುಗೊಂಡಿತು. ಡೇಟಾವಿಂಡ್ ಸಂಸ್ಥೆ ತಯಾರಿಸಿದ ಈ 7 ಅಂಗುಲದ ಯಂತ್ರಕ್ಕೆ ಸರ್ಕಾರ ಕೊಟ್ಟದ್ದು ಸುಮಾರು 2,276 ರೂಪಾಯಿ. ವಿದ್ಯಾರ್ಥಿಗಳಿಗೆ ಅದು ಸಹಾಯಧನದೊಂದಿಗೆ ಇನ್ನೂ ಅಗ್ಗವಾಗಿ ಸಿಗಬೇಕಾಗಿತ್ತು. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 2,100 ಎಂಎಎಚ್ ಬ್ಯಾಟರಿ, ಒತ್ತಿದರೆ ಮಾತ್ರ ಸ್ಪಂದಿಸುವ ರೆಸಿಸ್ಟಿವ್ ಫಲಕ ಇವೆಲ್ಲ ಸೇರಿ ಆ ಬೆಲೆ ಸಾಧ್ಯವಾಗಿತ್ತು. ಯಂತ್ರ ನಿಧಾನ, ಪರದೆ ಮೊಂಡು, ಬ್ಯಾಟರಿ ಬೇಗ ಬರಿದಾಗುತ್ತದೆ ಎಂಬ ದೂರುಗಳು ಕೂಡಲೇ ಕೇಳಿಬಂದವು. ಯಂತ್ರ ಎಷ್ಟು ಗಟ್ಟಿಯಾಗಿರಬೇಕೆಂಬ ಪರೀಕ್ಷಾ ಮಾನದಂಡಗಳ ಬಗ್ಗೆ ಭಿನ್ನಾಭಿಪ್ರಾಯ ಎದ್ದು, 2012ರಲ್ಲಿ ಯೋಜನೆಯ ಹೊಣೆ ರಾಜಸ್ಥಾನದ ಐಐಟಿಯಿಂದ ಬಾಂಬೆ ಐಐಟಿಗೆ ಹೋಯಿತು. ಅದೇ ವರ್ಷದ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಿಡುಗಡೆ ಮಾಡಿದ ಆಕಾಶ್–2ರಲ್ಲಿ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ‍್ಯಾಮ್, ಕೆಪಾಸಿಟಿವ್ ಫಲಕ ಇದ್ದವು. ಆದರೂ ಅದಕ್ಕೆ ಸರ್ಕಾರ ಕೊಟ್ಟ ಬೆಲೆ ಸುಮಾರು 2,263 ರೂಪಾಯಿ.

ಈ ಎರಡು ಬೆಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮುಖ್ಯವಾದ ಸಂಗತಿಯೊಂದು ತಿಳಿಯುತ್ತದೆ. ಒಂದು ವರ್ಷದಲ್ಲಿ ಬಿಡಿಭಾಗಗಳ ಬೆಲೆ ಜಗತ್ತಿನಾದ್ಯಂತ ಇಳಿದದ್ದು ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಮೊದಲ ಮಾದರಿಯಲ್ಲಿ ಆದ ಕಡಿತ ಬಡತನದ ಅನಿವಾರ್ಯ ಫಲವಾಗಿರದೆ, ಸ್ವಲ್ಪ ಕಾಯುವ ತಾಳ್ಮೆಯಿಂದ ತಪ್ಪಿಸಬಹುದಾಗಿದ್ದ ತೀರ್ಮಾನವಾಗಿತ್ತು ಎಂಬುದೂ ಅಷ್ಟೇ ನಿಜ. ಬಡವರಿಗೆ ಇಷ್ಟೇ ಸಾಧ್ಯ ಎಂಬ ಮಾತು ಬಂದಾಗಲೆಲ್ಲ ಆ ಮಿತಿ ಪ್ರಕೃತಿಯದೋ ಮಾರುಕಟ್ಟೆಯದೋ ಅಥವಾ ಘೋಷಣೆಯ ಆತುರದ್ದೋ ಎಂದು ಕೇಳಬೇಕಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಭಾಷೆಯ ವಿಷಯದಲ್ಲಿ ಆದ ಲೋಪ. ಮೊದಲ ಆಕಾಶ್ ನಡೆಯುತ್ತಿದ್ದ ಆಂಡ್ರಾಯ್ಡ್ 2.2 ವ್ಯವಸ್ಥೆಯಲ್ಲಿ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಏರ್ಪಾಡು ಇರಲಿಲ್ಲ. ಗುಬ್ಬಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ವಿದ್ಯಾರ್ಥಿಗೆ ತನ್ನ ಭಾಷೆಯನ್ನೇ ತೋರಿಸಲಾಗದ ಕಲಿಕಾ ಸಾಧನ, ಅದರ ಬೆಲೆ ಎಷ್ಟೇ ಆಗಿರಲಿ, ಕಲಿಕೆಯ ಸಾಧನವೇ ಅಲ್ಲ. ಪರದೆ, ಬ್ಯಾಟರಿಗಳಿಗೆ ಪ್ರತಿ ಯಂತ್ರಕ್ಕೂ ಹಣ ಬೇಕು. ಭಾಷಾ ವ್ಯವಸ್ಥೆಯನ್ನಾದರೋ ಒಮ್ಮೆ ಬರೆದರೆ ಲಕ್ಷ ಯಂತ್ರಗಳಿಗೆ ಅದೇ ಸಾಕು. ಪ್ರತಿಯೊಂದಕ್ಕೂ ಬಹಳ ಕಡಿಮೆ ಖರ್ಚಿನಲ್ಲಿ ಕೊಡಬಹುದಾದದ್ದನ್ನು ಕೊಡದೆ ಬಿಟ್ಟದ್ದಕ್ಕೆ ಬೆಲೆಯ ನೆಪ ಸಲ್ಲುವುದಿಲ್ಲ. ಹತ್ತು ವರ್ಷ ಮೊದಲೇ ಸಿಂಪ್ಯೂಟರ್ ಬಳಗವು ಭಾರತೀಯ ಭಾಷೆಗಳಿಗೆ ಧ್ವನಿ ಕೊಡಲು ದುಡಿದಿತ್ತು ಎಂಬುದನ್ನು ನೆನೆದರೆ ಈ ಲೋಪ ಇನ್ನಷ್ಟು ನೋವು ತರುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ಹತ್ತು ಸಾವಿರ ರೂಪಾಯಿಯ ಒಳ್ಳೆಯ ಯಂತ್ರವನ್ನು ಇಬ್ಬರಿಗೆ ಕೊಡುವ ಹಣದಲ್ಲಿ ಎರಡು ಸಾವಿರದ ಸಾಧಾರಣ ಯಂತ್ರವನ್ನು ಹತ್ತು ಮಂದಿಗೆ ಕೊಡಬಹುದು. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಗುವುದು ಒಳ್ಳೆಯದಲ್ಲವೇ ಎಂಬುದು ಆ ಆಕ್ಷೇಪ. ಇದರಲ್ಲಿ ಕರುಣೆಯಿದೆ, ಆದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಇದಕ್ಕೆ ಉತ್ತರ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1979ರ ಉಪನ್ಯಾಸವೊಂದರಲ್ಲಿ ಎತ್ತಿದ ಪ್ರಶ್ನೆಯಲ್ಲಿದೆ: ಸಮಾನತೆಯನ್ನು ಬಯಸುವಾಗ ನಿಜವಾಗಿ ಯಾವುದರ ಸಮಾನತೆಯನ್ನು ಬಯಸಬೇಕು? ವಸ್ತುಗಳನ್ನು ಎಣಿಸಿದರೆ ಸಾಲದು, ಆ ವಸ್ತುವಿನಿಂದ ವ್ಯಕ್ತಿ ಏನನ್ನು ಮಾಡಲು ಶಕ್ತನಾಗುತ್ತಾನೆ ಎಂಬ ಸಾಮರ್ಥ್ಯವನ್ನು ಅಳೆಯಬೇಕು ಎಂಬುದು ಸೇನ್ ಅವರ ನಿಲುವು. ಹತ್ತು ಯಂತ್ರಗಳಲ್ಲಿ ಎಂಟು ಆರು ತಿಂಗಳಲ್ಲಿ ಮೂಲೆ ಸೇರುವುದಾದರೆ ಹತ್ತು ಮಂದಿಗೆ ಕೊಟ್ಟ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಹಾನಿಯೂ ಇದೆ: ಯಂತ್ರ ಕೈಕೊಟ್ಟಾಗ ಮೊದಲ ಬಾರಿಗೆ ಕಂಪ್ಯೂಟರ್ ಹಿಡಿದ ಮಗು ಯಂತ್ರದ ದೋಷವನ್ನು ತನ್ನ ದಡ್ಡತನವೆಂದು ತಿಳಿಯುತ್ತದೆ. ಯಂತ್ರದ ಗುಣಮಟ್ಟ ಒಂದು ಮಿತಿಗಿಂತ ಕೆಳಗೆ ಇಳಿದಾಗ ಸ್ವಲ್ಪ ಎಂಬುದು ಏನೂ ಇಲ್ಲ ಎಂಬುದಕ್ಕಿಂತ ಉತ್ತಮವಾಗಿ ಉಳಿಯುವುದಿಲ್ಲ.

ಹಾಗಾದರೆ ಆ ಮಿತಿಯನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ತುಮಕೂರಿನ ಜನರ ಕಣ್ಣೆದುರಿನಲ್ಲೇ ಒಂದು ನಿದರ್ಶನವಿದೆ. ನಗರದ ಅಂಚಿನಲ್ಲಿ ಕ್ಯಾತ್ಸಂದ್ರದ ಬಳಿಯಿರುವ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ನಡೆಸಿಕೊಂಡು ಬಂದ, ಇಂದಿಗೂ ನಡೆಯುತ್ತಿರುವ ತ್ರಿವಿಧ ದಾಸೋಹವು ಅನ್ನ, ಅಕ್ಷರ, ಆಶ್ರಯಗಳನ್ನು ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಕೊಡುತ್ತದೆ. ಅಲ್ಲಿಯ ಊಟ ರಾಗಿ ಮುದ್ದೆ, ಅನ್ನ, ಸಾರುಗಳ ಸರಳ ಊಟ. ಆದರೆ ಆ ಸರಳತೆಯಲ್ಲಿ ಹೊಟ್ಟೆ ತುಂಬುತ್ತದೆ, ಮತ್ತು ಪಂಕ್ತಿಯಲ್ಲಿ ಕುಳಿತ ಬಡ ಮಗುವಿಗೆ ಒಂದು ಬಗೆ, ಉಳ್ಳವರಿಗೆ ಇನ್ನೊಂದು ಬಗೆ ಎಂಬುದಿಲ್ಲ. ಸರಳವಾದದ್ದಕ್ಕೂ ಕೀಳಾದದ್ದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಅಡುಗೆಯಲ್ಲಿ ಬಗೆಗಳನ್ನು ಕಡಿಮೆ ಮಾಡಬಹುದು, ಮುದ್ದೆಯನ್ನು ಅರೆಬೇಯಿಸಿ ಬಡಿಸಲಾಗದು. ಟ್ಯಾಬ್ಲೆಟ್‌ಗೂ ಇದೇ ಮಾತು ಸಲ್ಲುತ್ತದೆ: ಹಿಂಬದಿಯ ಕ್ಯಾಮೆರಾ, ಲೋಹದ ಕವಚ, ತೆಳುಮೈ, ಆಟಗಳಿಗೆ ಬೇಕಾದ ವೇಗ ಇವನ್ನೆಲ್ಲ ಬಿಟ್ಟರೂ ಓದುವ ಮಗುವಿಗೆ ನಷ್ಟವಿಲ್ಲ, ಓದಬಲ್ಲ ಪರದೆ, ಸ್ಪಂದಿಸುವ ಸ್ಪರ್ಶ, ಒಂದು ದಿನದ ಪಾಠಕ್ಕೆ ಸಾಲುವ ಬ್ಯಾಟರಿ, ತಾಯ್ನುಡಿ ಇವನ್ನು ಬಿಟ್ಟರೆ ವಸ್ತುವಿನ ಉದ್ದೇಶವೇ ಬಿಟ್ಟುಹೋಗುತ್ತದೆ.

ಬೆಲೆ ಇಳಿಸುವ ಇನ್ನೊಂದು ಮಾರ್ಗ ಈಚೆಗೆ ಬಳಕೆಯಲ್ಲಿದೆ. ಅದು ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದದ್ದರಿಂದ ಹೆಚ್ಚು ಎಚ್ಚರ ಬೇಡುತ್ತದೆ. ಯಂತ್ರವನ್ನು ಬಹುತೇಕ ಅಸಲಿಗೇ ಮಾರಿ, ಲಾಭವನ್ನು ಜಾಹೀರಾತು ಮತ್ತು ಸೇವೆಗಳಿಂದ ಪಡೆಯುವುದು ಆ ಮಾರ್ಗ. ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಅಗ್ಗದ ಟ್ಯಾಬ್ಲೆಟ್‌ಗಳನ್ನು ಪರದೆ ತೆರೆಯುವ ಮುನ್ನ ಜಾಹೀರಾತು ಕಾಣುವಂತೆ ಮಾರುತ್ತ, ಅದು ಬೇಡವೆನ್ನುವವರಿಂದ 15 ಡಾಲರ್ ಹೆಚ್ಚು ಪಡೆದದ್ದು ಇದಕ್ಕೆ ಬಹಿರಂಗವಾದ ಉದಾಹರಣೆ. ಇಲ್ಲಿ ಕೊಳ್ಳುವವನು ಹಣದ ಬದಲು ತನ್ನ ಗಮನವನ್ನು ಕೊಡುತ್ತಾನೆ. ತೋಂಟದ ಸಿದ್ಧಲಿಂಗಯತಿಗಳು ತಮ್ಮ ವಚನಗಳಲ್ಲಿ ನಿರೂಪಿಸಿರುವ ಷಟ್‌ಸ್ಥಲ ಸಿದ್ಧಾಂತ, ಎಂದರೆ ಭಕ್ತನು ದೈವದೊಂದಿಗೆ ಒಂದಾಗುವವರೆಗಿನ ಆರು ನೆಲೆಗಳ ವಿಚಾರ, ಮೂರನೆಯದಾದ ಪ್ರಸಾದಿ ಸ್ಥಲಕ್ಕೆ ಅವಧಾನ ಭಕ್ತಿಯನ್ನು ಹೇಳುತ್ತದೆ. ಕೈಗೆ ಬಂದದ್ದನ್ನು ಎಚ್ಚರದಿಂದ, ಚಂಚಲವಿಲ್ಲದ ಮನಸ್ಸಿನಿಂದ ಸ್ವೀಕರಿಸುವುದೇ ಅವಧಾನ. ಓದಿಗೆಂದು ಕೊಟ್ಟ ಯಂತ್ರವೇ ಓದುವವನ ಅವಧಾನವನ್ನು ಮಾರಿ ಬದುಕುವಂತಿದ್ದರೆ ಅದು ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಳ್ಳುತ್ತದೆ. ಹೆಚ್ಚು ಹಣವುಳ್ಳವರ ಮಕ್ಕಳು ಜಾಹೀರಾತಿಲ್ಲದೆ ಓದುವುದು, ಬಡವರ ಮಕ್ಕಳು ಜಾಹೀರಾತುಗಳ ನಡುವೆ ಓದುವುದು ಎಂಬ ವ್ಯವಸ್ಥೆ ಪಂಕ್ತಿಭೇದದ ಹೊಸ ರೂಪ.

ಬಾಳಿಕೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ಲಿಥಿಯಂ ಬ್ಯಾಟರಿಗಳ ಶಕ್ತಿ ಬಳಕೆಯಿಂದ ಕುಗ್ಗುತ್ತ ಹೋಗುವುದು ಅವುಗಳ ಸಹಜ ಗುಣ. ಬ್ಯಾಟರಿಯನ್ನು ಅಂಟು ಹಾಕಿ ಕವಚದೊಳಗೆ ಮುಚ್ಚಿಬಿಟ್ಟರೆ ತಯಾರಿಕೆಯಲ್ಲಿ ಒಂದಷ್ಟು ಹಣ ಉಳಿಯುತ್ತದೆ, ಆದರೆ ಬ್ಯಾಟರಿಯ ಆಯುಸ್ಸೇ ಯಂತ್ರದ ಆಯುಸ್ಸಾಗುತ್ತದೆ. ಉಳ್ಳವರು ಹಳೆಯದನ್ನು ಬಿಸಾಡಿ ಹೊಸದನ್ನು ಕೊಳ್ಳುತ್ತಾರೆ, ಇಲ್ಲದವರ ಮನೆಯಲ್ಲಿ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ತಿರುಪು ಬಿಚ್ಚಿ ಬ್ಯಾಟರಿ ಬದಲಿಸುವಂತೆ ಯಂತ್ರವನ್ನು ರೂಪಿಸಿದರೆ ಕುಣಿಗಲ್ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯವನೂ ಅದಕ್ಕೆ ಮರುಜೀವ ಕೊಡಬಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟನ್ನು ರೂಪಿಸಲು ಸಮಿತಿ ರಚಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಸರ್ಕಾರದ ಪಾಲಿನ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಮುದ್ರಿತ ಪುಸ್ತಕಕ್ಕೂ ಸ್ಲೇಟಿಗೂ ಜಿಎಸ್‌ಟಿ ಇಲ್ಲ, ಟ್ಯಾಬ್ಲೆಟ್‌ಗೆ ಶೇ. 18ರಷ್ಟು ಇದೆ. ಪಾಠಪುಸ್ತಕದ ಕೆಲಸವನ್ನು ಯಂತ್ರದಿಂದ ಮಾಡಿಸಲು ಬಯಸುವ ಸರ್ಕಾರ, ವಿದ್ಯಾರ್ಥಿಗಳಿಗೆಂದೇ ರೂಪಿಸಿದ, ನಿಗದಿತ ಗುಣಮಟ್ಟದ ಯಂತ್ರಗಳ ಮೇಲಾದರೂ ಆ ತೆರಿಗೆಯನ್ನು ಕೈಬಿಡುವುದು ನ್ಯಾಯ; ತಯಾರಕನಿಂದ ಸಂಯಮವನ್ನು ಕೇಳುವ ಸರ್ಕಾರ ಮೊದಲು ತಾನು ಅದನ್ನು ಪಾಲಿಸಬೇಕು.

ಈ ಎಲ್ಲ ವಿಚಾರಗಳನ್ನು ಕ್ರೋಡೀಕರಿಸಿದರೆ ಕಡಿಮೆ ಬೆಲೆಯ ಯಂತ್ರ ಧರ್ಮಸಮ್ಮತವಾಗಲು ಐದು ಷರತ್ತುಗಳು ಕಾಣುತ್ತವೆ. ಕಡಿತ ಮೊದಲು ಲಾಭ, ತೆರಿಗೆ, ಅಲಂಕಾರಗಳಿಂದ ಆಗಬೇಕು. ಬಳಸುವವನ ಸಾಮರ್ಥ್ಯವನ್ನು ಮುಟ್ಟಬಾರದು. ಏನನ್ನು ಬಿಡಲಾಗಿದೆ ಎಂಬುದನ್ನು ಕೊಳ್ಳುವವನ ಭಾಷೆಯಲ್ಲಿ, ಪೆಟ್ಟಿಗೆಯ ಮೇಲೆಯೇ, ಮುಚ್ಚುಮರೆಯಿಲ್ಲದೆ ಬರೆದಿರಬೇಕು. ಯಂತ್ರ ದುರಸ್ತಿಗೆ ಒಗ್ಗಬೇಕು. ಇಷ್ಟಾದರೂ ಬೆಲೆ ಎಟುಕದಿದ್ದರೆ ಗುಣವನ್ನು ಇಳಿಸುವ ಬದಲು ಒಡೆತನವನ್ನು ಹಂಚಬೇಕು; ಶಾಲೆ, ಗ್ರಾಮ ಪಂಚಾಯತಿಯ ಗ್ರಂಥಾಲಯ, ವಿದ್ಯಾರ್ಥಿನಿಲಯಗಳಲ್ಲಿ ಹತ್ತು ಒಳ್ಳೆಯ ಯಂತ್ರಗಳು ಸರದಿಯಲ್ಲಿ ಬಳಕೆಯಾಗುವುದು ಮನೆಗೊಂದು ನಿಷ್ಪ್ರಯೋಜಕ ಯಂತ್ರ ಬಿದ್ದಿರುವುದಕ್ಕಿಂತ ಮೇಲು. ಸಿಂಪ್ಯೂಟರ್ ಮೊದಲ ಮತ್ತು ಕೊನೆಯ ಷರತ್ತುಗಳನ್ನು ಅರಿತಿತ್ತು, ಆದರೆ ಅದರ ಬೆನ್ನಿಗೆ ದೊಡ್ಡ ಬೇಡಿಕೆಯೊಂದಿಗೆ ನಿಲ್ಲಬೇಕಾಗಿದ್ದ ಸರ್ಕಾರ ನಿಲ್ಲಲಿಲ್ಲ. ಆಕಾಶ್‌ನ ಬೆನ್ನಿಗೆ ಸರ್ಕಾರ ನಿಂತಿತು, ಆದರೆ ಷರತ್ತುಗಳನ್ನು ಮರೆಯಿತು. ಆದ್ದರಿಂದ ಇನ್ನು ಮುಂದೆ ಟ್ಯಾಬ್ಲೆಟ್ ಕೊಳ್ಳುವ ಸರ್ಕಾರಿ ಇಲಾಖೆಗಳು, ಸಂಘಸಂಸ್ಥೆಗಳು, ದಾನಿಗಳು ಟೆಂಡರ್ ಪತ್ರದಲ್ಲಿ ಕನಿಷ್ಠ ಬೆಲೆಯನ್ನು ಕೇಳುವ ಮೊದಲು ಕನಿಷ್ಠ ಗುಣವನ್ನು ನಿಗದಿಪಡಿಸಬೇಕು, ಆ ಗುಣದ ಪಟ್ಟಿಯಲ್ಲಿ ಕನ್ನಡವನ್ನೂ ಬದಲಿಸಬಹುದಾದ ಬ್ಯಾಟರಿಯನ್ನೂ ಮೊದಲ ಸಾಲುಗಳಲ್ಲಿ ಬರೆಯಬೇಕು, ಮತ್ತು ತಮ್ಮ ಮಕ್ಕಳ ಕೈಗೆ ಕೊಡಲು ಒಪ್ಪದ ಯಂತ್ರವನ್ನು ಬೇರೆಯವರ ಮಕ್ಕಳಿಗೆ ಕೊಡಬಾರದು.